ನೆಲವೇ ಡೊಂಕಿತ್ತು

ಸೊರಬದ ಬಸ್ಸಿನಲ್ಲಿ ಕೂತ ರೋಜಾಳಿಗೆ ತನ್ನ ಮಡಿಲ ಮೇಲಿದ್ದ ಕರಿ ಪೆಟ್ಟಿಗೆಯನ್ನು ಕಿಟಕಿಯಿಂದಾಚೆ ಎಸೆದುಬಿಡಬೇಕು ಅನಿಸುತ್ತಿತ್ತು. ಪೆಟ್ಟಿಗೆಯೊಳಗೆ, ಸ್ಪಂಜಿನ ಗೂಡಿನಲ್ಲಿ, ನವೀನನ ಸ್ಟುಡಿಯೋದ ಮೈಕು ಬೆಚ್ಚಗೆ ಮಲಗಿತ್ತು. ನಾಲ್ಕು ವರ್ಷದ ಹಿಂದೆ ಅವಳ ಬಾಯಿ ಮುಚ್ಚಿಸಿದ್ದು ಇದೇ ಮೈಕು. ಈಗ ಇದನ್ನು ಕೂಸಿನ ಹಾಗೆ ಹೊತ್ತು ರಿಪೇರಿಗೆ ಕೊಂಡೊಯ್ಯುವ ಯೋಗವೂ ಅವಳಿಗೇ ಬಂದಿತ್ತು.

ನವೀನ ಅವಳ ಗಂಡನ ಚಿಕ್ಕಪ್ಪನ ಮಗ. ಶಿಕಾರಿಪುರದಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ಸ್ಟುಡಿಯೋ ಇಟ್ಟುಕೊಂಡಿದ್ದ. ಭಕ್ತಿಗೀತೆ, ಮದುವೆ ಹಾಡು, ಆಟೋಕ್ಕೆ ಕಟ್ಟಿ ಕೂಗಿಸುವ ಜಾಹೀರಾತು, ಎಲ್ಲವೂ ಅಲ್ಲೇ ತಯಾರಾಗುತ್ತಿದ್ದವು. ಹಿಂದಿನ ದಿನ ಮನೆತನಕ ಬಂದು ಪೆಟ್ಟಿಗೆ ಕೊಟ್ಟಿದ್ದ.

"ಅತ್ತಿಗೆ, ಹೆಂಗೂ ಮಗಳು ಮಾನಸನ ಮದುವಿಗೆ ಕರಿಯಾಕೆ ಕುಬಟೂರಿಗೆ ಹೊಂಟೀರಿ. ಸೊರಬದಾಗೆ ಶ್ರೀನಾಥ ಅಂತ ಒಬ್ಬ ಅದಾನೆ, ಮೈಕು ಬಿಚ್ಚಿ ಒಳಗಿನ ಸಾಮಾನು ಬದ್ಲಿ ಮಾಡ್ತಾನೆ. ಬೆಳಿಗ್ಗೆ ಕೊಟ್ಟು ಸಂಜಿಗೆ ಇಸ್ಕೊಂಡು ಬಂದ್ಬಿಡ್ರಿ."

"ಏನಾಗೈತೆ ಅದಕ್ಕೆ?"

"ಶ್ರೀಲತಾ ಮೇಡಂ ಏನೋ ಎತ್ತರದ ಹಾಡು ಹಾಡ್ಬೇಕಂತೆ. ಮ್ಯಾಲಕ್ಕೆ ಹೋದ್ರೆ ದನಿ ಸೀಳ್ತೈತೆ ಅಂತ ಬೇಜಾರು ಮಾಡ್ಕೊಂಡಾರೆ."

ಸ್ಟುಡಿಯೋದ ಹಾಡುಗಾರ್ತಿ ಶ್ರೀಲತಾ ಒಮ್ಮೆ ಬೇಜಾರು ಮಾಡಿಕೊಂಡದ್ದಕ್ಕೆ ಮೈಕು ಸೊರಬಕ್ಕೆ ಹೊರಟಿತ್ತು. ರೋಜಾ ನಾಲ್ಕು ವರ್ಷ ಬೇಜಾರು ಮಾಡಿಕೊಂಡಿದ್ದನ್ನು ಕೇಳಿದವರಾರೂ ಇರಲಿಲ್ಲ.

ಅವಳದು ಕುರಿ ಸಾಕುವ ಮನೆ. ಅಂಬ್ಲಿಗೊಳದ ಕೆರೆಯಂಚಿನಲ್ಲಿ ಕುರಿ ಬಿಟ್ಟುಕೊಂಡು ಅವಳು ಹಾಡಿದರೆ ನೀರಿನ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ಮುಂದಿನ ಸೊಲ್ಲು ಎತ್ತಿಕೊಳ್ಳುತ್ತಿದ್ದರು. ಹಾಡುಗಳೆಲ್ಲ ಕುಬಟೂರಿನ ಅಜ್ಜಿ, ತಾಯಿಯ ತಾಯಿ, ಲೋಕಮ್ಮನಿಂದ ಬಂದವು. ನವೀನ ಸ್ಟುಡಿಯೋ ತೆಗೆದಾಗ ಮೊದಲು ಅವಳನ್ನೇ ಕರೆದಿದ್ದ. ಹೊಸ ಸೀರೆಯುಟ್ಟು ಹೋಗಿ, ಮೈಕಿಗೆ ಕೈಮುಗಿದು, ಅರಿಶಿಣದ ಹಾಡು ಹಾಡಿದ್ದಳು. ಆಮೇಲೆ ನವೀನ ಅದನ್ನು ಸ್ಪೀಕರಿನ ಡಬ್ಬದಿಂದ ಕೇಳಿಸಿದ. ತಗಡಿನ ಮೇಲೆ ಮೊಳೆ ಎಳೆದ ಹಾಗಿತ್ತು. ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೈಕೇ ಹಂಗೈತೇನೋ" ಎಂದಿದ್ದಳು ರೋಜಾ.

"ಕುಣಿಯಾಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ನವೀನ ನಕ್ಕ. ಎಲ್ಲರೂ ನಕ್ಕರು. ಜೊತೆಗೆ ಬಂದಿದ್ದ ಮಗಳು ಮಾನಸ ಮಾತ್ರ ನಗಲಿಲ್ಲ. ಅಮ್ಮನ ಮಾನ ಹೋಯಿತೆಂದು ತಲೆ ತಗ್ಗಿಸಿ ಕೂತಿದ್ದಳು. ಆ ತಗ್ಗಿಸಿದ ತಲೆ ರೋಜಾಳ ಕಣ್ಣ ಮುಂದಿನಿಂದ ಇವತ್ತಿಗೂ ಹೋಗಿರಲಿಲ್ಲ.

ನಿಮ್ಮ ಗಂಟಲು ಬಯಲಿಗೆ ಸರಿ, ಮೈಕಿಗಲ್ಲ, ಹಾಡನ್ನು ಶ್ರೀಲತಾಗೆ ಹೇಳಿಕೊಡಿ ಎಂದ ನವೀನ. ಹೇಳಿಕೊಟ್ಟಳು. ಶ್ರೀಲತಾ ಸೊರಬದ ಹುಡುಗಿ, ಮೈಕಿಗೆ ತುಟಿ ತಾಗಿಸಿ ಗುಟ್ಟು ಹೇಳುವ ಹಾಗೆ ಹಾಡುವವಳು. ಒಳ್ಳೆಯವಳೇ. ಆದರೆ ಲೋಕಮ್ಮನ ಹಾಡಿಗೊಂದು ಕಟ್ಟುಪಾಡಿತ್ತು. ಮದುಮಗಳು ಯಾರ ಮಗಳು ಅನ್ನುವುದು ಅದರಲ್ಲಿ ಬರಬೇಕು, ಮನೆಮನೆಗೆ ಆ ಹೆಸರು ಬದಲಾಗಬೇಕು. ಮದುಮಗಳ ತಾಯಿಯೇ ಹಾಡುತ್ತಿದ್ದರೆ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವಂತಿಲ್ಲ. ಆ ಜಾಗದಲ್ಲಿ ನಿಲ್ಲಿಸಬೇಕು, ಸುತ್ತ ಕೂತ ಹೆಂಗಸರು ಹೆಸರು ಎತ್ತಿಕೊಡಬೇಕು. ಹೇಳಿಕೊಡುವಾಗ ರೋಜಾಳ ಬಾಯಿಗೆ ಉದಾಹರಣೆಗೆಂದು ಬಂದದ್ದು ಅಜ್ಜಿಯ ಹೆಸರು. ಶ್ರೀಲತಾ ಅದನ್ನೇ ಹಾಡಿಬಿಟ್ಟಳು:

ಕೆನ್ನೆಗೆ ಹಚ್ಚಿರೆ, ಅಂಗಾಲಿಗೆ ಹಚ್ಚಿರೆ,
ಲೋಕಮ್ಮನ ಮಗಳಿಗೆ ಅರಿಶಿಣ ಹಚ್ಚಿರೆ.

ಹೆಸರು ಬದಲಾಗಬೇಕಲ್ಲೋ ಎಂದರೆ ನವೀನ, ಕೇಳಾಕೆ ಚಂದ ಐತೆ ಬಿಡ್ರಿ ಎಂದ. ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅಲ್ಲಿಂದ ಈಚೆಗೆ ಎರಡು ತಾಲ್ಲೂಕಿನಲ್ಲಿ ಯಾವ ಹುಡುಗಿಗೆ ಅರಿಶಿಣ ಹಚ್ಚಿದರೂ ಅವಳು ಲೋಕಮ್ಮನ ಮಗಳೇ. ಪಕ್ಕದಲ್ಲಿ ಹೆತ್ತ ತಾಯಿ ಬಾಯಿ ಮುಚ್ಚಿಕೊಂಡು ಕೂತಿರುತ್ತಾಳೆ, ಸತ್ತು ಸ್ವರ್ಗದಲ್ಲಿರುವ ಮುದುಕಿ ಡಬ್ಬದಿಂದ ಮಗಳನ್ನು ಧಾರೆಗೆ ಕಳಿಸುತ್ತಾಳೆ. ನಾಚಿಕೆ ಎನ್ನುವುದು ಊರು ಬಿಟ್ಟು ಹೋದರೆ ಹೀಗೇ ಆಗುವುದು.

ರೋಜಾ ಮಾತ್ರ ತನ್ನ ಗಂಟಲನ್ನೇ ಬೈದುಕೊಂಡಳು. ಹಿಪ್ಪಲಿ ತಿಂದಳು, ಜೇಷ್ಠಮಧು ಜಗಿದಳು, ಮಜ್ಜಿಗೆ ಬಿಟ್ಟಳು. ಬೇಸಿಗೆಯಲ್ಲೂ ಬಿಸಿನೀರು. ಕೊನೆಗೆ ಹಾಡುವುದನ್ನೇ ಬಿಟ್ಟಳು. ಕೆರೆಯಂಚಿನಲ್ಲೂ ಕುರಿಗಳಿಗೆ ಸಿಳ್ಳೆ ಹಾಕುತ್ತಿದ್ದಳೇ ಹೊರತು ಸೊಲ್ಲೆತ್ತಲಿಲ್ಲ. ಈಗ ಮಾನಸಳ ಮದುವೆ ಎದುರಿಗಿತ್ತು. ಅರಿಶಿಣಕ್ಕೆ ಸ್ಪೀಕರು ಗೊತ್ತುಮಾಡಿಯಾಗಿತ್ತು.

ಶ್ರೀನಾಥನ ಅಂಗಡಿ ಸೊರಬದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಕುಪ್ಪಗಡ್ಡೆಯ ಗದ್ದೆಯನ್ನು ಅಣ್ಣನಿಗೆ ಬಿಟ್ಟು ಬಂದವನು, ಇಂಜಿನಿಯರಿಂಗ್ ಓದಿದವನು. ಕೊಚ್ಚಿಯಿಂದ, ಚೆನ್ನೈಯಿಂದ ತನ್ನ ಹತ್ತಿರ ಮೈಕುಗಳು ಬರುತ್ತವೆ ಎಂದು ಕೇಳದಿದ್ದರೂ ಹೇಳಿದ. ಮಾತು ಶುರುಮಾಡಲು ಬರುತ್ತಿತ್ತು, ನಿಲ್ಲಿಸಲು ಬರುತ್ತಿರಲಿಲ್ಲ.

"ಬಿಚ್ಚೋ ಮೊದ್ಲು ಒಂದು ದನಿ ಹಿಡ್ಕೋಬೇಕು, ಬಿಚ್ಚಿ ಕಟ್ಟಿದ ಮೇಲೆ ಅದೇ ದನಿ ಇನ್ನೊಂದ್ಸಲ. ಎರಡನ್ನೂ ಕೇಳಿದ್ರೇ ಎಂತ ಬದಲಾಯ್ತು ಅಂತ ಗೊತ್ತಾಗೋದು. ನೀವೇ ಎರಡು ಸಾಲು ಹಾಡಿ."

"ನನ್ನ ದನಿ ಮೈಕಿಗೆ ಆಗಲ್ರೀ."

"ಕೆಟ್ಟ ದನಿಯಾದ್ರೂ ಅಡ್ಡಿಲ್ಲ ಮಾರಾಯ್ತಿ. ನಂಗೆ ಬೇಕಾಗಿರೋದು ಅಳತೆ."

ಕೆಟ್ಟ ದನಿಯಾದರೂ ಅಡ್ಡಿಲ್ಲ. ರೋಜಾ ಹಲ್ಲು ಕಚ್ಚಿದಳು. ಗಂಡನ ಕಡೆಯ ಕೆಲಸವೆಂದು ಒಪ್ಪಿ ಬಂದದ್ದು, ಮುಗಿಸಿ ಹೋಗೋಣವೆಂದು ಅರಿಶಿಣದ ಹಾಡಿನ ಎರಡು ಸಾಲು ಹಾಡಿದಳು. ಜೋರಾಗಿ ಎಂದ, ಜೋರಾಗಿ ಹಾಡಿದಳು. ಅವನು ಕೇಳಿಸಿದ. ಅದೇ ತಗಡು, ಅದೇ ಮೊಳೆ. ಶ್ರೀನಾಥ ಹುಬ್ಬು ಗಂಟಿಕ್ಕಿ, "ಈ ದನಿ ಎಲ್ಲೋ ಕೇಳಿದೀನಲ್ಲ" ಎಂದ. ಎಲ್ಲಿ ಕೇಳಿರುತ್ತೀಯ, ಯಾವುದಾದರೂ ಬಾವಿಯ ರಾಟೆಯಲ್ಲಿ ಕೇಳಿರುತ್ತೀಯ ಎಂದು ಮನಸ್ಸಿನಲ್ಲೇ ಬೈದುಕೊಂಡು ಅವಳು ಕುಬಟೂರಿನ ಬಸ್ಸು ಹತ್ತಿದಳು.

ಕುಬಟೂರಿನಲ್ಲಿ ಸೋದರಮಾವನ ಮನೆಯವರಿಗೆ ಕುಂಕುಮ ಕೊಟ್ಟು ಮದುವೆಗೆ ಕರೆದಳು. ಊಟವಾದ ಮೇಲೆ ಮಾವನ ಹೆಂಡತಿ ಮಜ್ಜಿಗೆ ತಂದಿಟ್ಟರೆ, ಗಂಟಲಿಗೆ ಆಗಲ್ಲ ಎಂದು ಲೋಟ ದೂರ ಸರಿಸಿದಳು.

ಸಂಜೆ ವಾಪಸು ಬಂದಾಗ ಮೈಕು ಕಂಬಕ್ಕೇರಿ ಕೂತಿತ್ತು. ಮೇಜಿನ ಮೇಲೆ ಬಟ್ಟಲಲ್ಲಿ ಅದರೊಳಗಿಂದ ಕಿತ್ತ ಚೂರುಪಾರು, ಒಂದು ರೂಪಾಯಿಯಷ್ಟಗಲದ ಚಿನ್ನದ ಬಣ್ಣದ ತೆಳು ಬಿಲ್ಲೆ. ಮತ್ತೆ ಹಾಡಿಸಿದ. ಹಾಡಿ ಮುಗಿಸಿ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಡಬ್ಬದಿಂದ ಒಬ್ಬ ಹೆಂಗಸು ಹಾಡತೊಡಗಿದಳು.

"ಯಾರ್ರೀ ಇದು?" ಎಂದಳು ರೋಜಾ.

"ಯಾರು ಅಂದ್ರೆ? ನೀವೇ."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅಂಬ್ಲಿಗೊಳದ ನೀರು ದಾಟಿ ಆಚೆ ದಡಕ್ಕೆ ತಾಗುತ್ತಿದ್ದ ದನಿ ಅದು. ಒರಟಿತ್ತು, ನಿಜ. ಆದರೆ ಜೋಳದ ರೊಟ್ಟಿಯ ಒರಟು, ಹಲ್ಲಿಗೆ ಹಿತವಾದದ್ದು. ಮೇಲಕ್ಕೆ ಹೋದಲ್ಲಿ ಸೀಳಲಿಲ್ಲ, ಅರಳಿತು. ತನ್ನ ದನಿಯನ್ನು ತಾನು ಗುರುತು ಹಿಡಿಯಲಿಲ್ಲವಲ್ಲ ಎಂದು ಅವಳಿಗೆ ಮೊದಲು ದುಃಖವಾಯಿತು. ಸಿಟ್ಟು ಹಿಂದೆಯೇ ಬರುತ್ತಿತ್ತು, ಬರಲು ತಡವೇನೂ ಆಗಲಿಲ್ಲ.

"ಈ ಅಗ್ಗದ ಮೈಕುಗಳ ಹಣೆಬರಹವೇ ಇಷ್ಟು" ಎಂದು ಶ್ರೀನಾಥ ಶುರುಮಾಡಿದ. "ಹಳೇ ದುಬಾರಿ ಮೈಕು ನೋಡಿ ನಕಲು ಹೊಡೀತಾರೆ. ದನಿ ಹಿಡಿಯೋ ಈ ಬಿಲ್ಲೆ ನಕಲು ಮಾಡ್ತಾರೆ, ಇದನ್ನ ಹದ್ದುಬಸ್ತಲ್ಲಿಡೋ ಸರ್ಕ್ಯೂಟ್ ಬಿಟ್ಬಿಡ್ತಾರೆ. ನಾಯಿ ತಂದ್ರು, ಸರಪಳಿ ಮರೆತ್ರು. ಮೆತ್ತಗೆ ಹಾಡೋರನ್ನ ಇದು ನೆಕ್ಕತ್ತೆ. ಮೇಲಿನ ಸ್ವರದಲ್ಲಿ ಗಟ್ಟಿ ದನಿ ಬಂತೋ, ಕಚ್ಚತ್ತೆ. ಈಗ ಬಿಲ್ಲೆನೂ ಬದಲಿಸಿದೀನಿ, ಸರಪಳಿನೂ ಹಾಕಿದೀನಿ." ಇದ್ದಕ್ಕಿದ್ದಂತೆ ತೊಡೆ ತಟ್ಟಿದ. "ಹಾಂ, ನೆನಪಾಯ್ತು. ನವೀನ ನಾಲ್ಕು ವರ್ಷದ ಹಿಂದೆ ಕಳಿಸಿದ್ನಲ್ಲ, ಆ ದನಿ ನೀವೇ."

"ಏನು ಕಳಿಸಿದ್ದ?"

"ಇದೇ ಹಾಡು ವಾಟ್ಸಾಪಲ್ಲಿ ಕಳಿಸಿ, ಕೆಟ್ಟಿರೋದು ದನಿಯೋ ಮೈಕೋ ಅಂತ ಕೇಳಿದ್ದ. ದನಿ ಚಿನ್ನ ಮಾರಾಯ, ಮೈಕು ಕಚ್ಚತಾ ಉಂಟು, ತಗೊಂಡು ಬಾ ಅಂದಿದ್ದೆ. ಅದಕ್ಕವ, ಈಗ ಮದುವೆ ಸೀಸನ್ನು, ಹಾಡಿದ್ದು ನಮ್ಮ ಮನೆಯೋರೇ, ಏನೂ ಅಂದ್ಕೊಳ್ಳಲ್ಲ, ಬೇರೆ ಹುಡುಗಿ ಹಾಡ್ತಾಳೆ ಅಂದ. ನಾನು ನಮ್ಮ ಟೆಕ್ನಿಶಿಯನ್ ಗ್ರೂಪಲ್ಲೂ ಹಾಕಿದ್ದೆ. ಎಲ್ಲ ಬಿದ್ದು ಬಿದ್ದು ನಕ್ರು."

ಹೇಳಿದ ಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

"ನನ್ನ ದನಿ ಕೇಳಿ ನಕ್ರಾ?" ರೋಜಾ ಕೇಳಿದಳು.

"ದನಿಗಲ್ಲ. ಮೈಕಿಗೆ ನಕ್ಕಿದ್ದು."

"ಮೈಕಿಗೆ ಮಾನ ಐತೇನ್ರಿ ನಗಾಕೆ? ನನ್ನ ಮಗಳಿಗಿತ್ತು. ನಿಮಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು, ಯಾರಾರೋ ದೇಶದ ಮಂದಿಗೆ ಗೊತ್ತಿತ್ತು. ನನಗೊಬ್ಬಾಕಿಗೆ ಹೇಳಾಕೆ ನಿಮ್ಮ ಬಾಯಾಗೆ ಏನು ತುಂಬ್ಕೊಂಡಿದ್ರಿ?"

ಮಾತು ನಿಲ್ಲಿಸಲು ಬಾರದ ಶ್ರೀನಾಥನಿಗೆ ಅವತ್ತು ಅದೂ ಬಂತು. ಅವಳು ಪೆಟ್ಟಿಗೆ ಕಿತ್ತುಕೊಂಡು ಹೊರಟಳು.

ಬಸ್ಸು ಶಿರಾಳಕೊಪ್ಪ ದಾಟುವವರೆಗೂ ಅವಳು ಪೆಟ್ಟಿಗೆಯನ್ನು ಮಡಿಲಿಗೆತ್ತಿಕೊಳ್ಳದೆ ಕಾಲ ಬುಡದಲ್ಲೇ ಇಟ್ಟಿದ್ದಳು. ನವೀನನಿಗೆ ಗೊತ್ತಾಗದೆ ಹಾಗೆ ಆಗಿದ್ದರೆ ಹಾಳಾಗಲಿ ಎನ್ನಬಹುದಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ. ಅತ್ತಿಗೆ, ಗಂಟಲಿಗೆ ಜೇಷ್ಠಮಧು ಒಳ್ಳೇದು ಎಂದು ತಾನೇ ಒಮ್ಮೆ ಪೊಟ್ಟಣ ತಂದುಕೊಟ್ಟಿದ್ದ ಬೇರೆ. ನಮ್ಮ ಮನೆಯವರು, ಏನೂ ಅಂದುಕೊಳ್ಳುವುದಿಲ್ಲ. ಮನೆಯವರೆಂದರೆ ಬಾಗಿಲ ಮುಂದಿನ ಕಾಲೊರಸು.

ಸ್ಟುಡಿಯೋ ಮೆಟ್ಟಿಲು ಹತ್ತುವಷ್ಟರಲ್ಲಿ ಶ್ರೀನಾಥ ಎರಡೂ ಹಾಡನ್ನು ನವೀನನ ಮೊಬೈಲಿಗೆ ಕಳಿಸಿದ್ದ. ಬೇರೇನೂ ಹೇಳುವ ಧೈರ್ಯ ಅವನಿಗೆ ಆಗಿರಲಿಲ್ಲ ಅಂತ ಕಾಣುತ್ತದೆ. ನವೀನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹಲ್ಲು ಕಿರಿದುಕೊಂಡು ಬಂದ.

"ಅತ್ತಿಗೆ, ಬಂಗಾರ ಐತಲ್ರೀ. ಇವತ್ತೇ ಹಾಡ್ಬಿಡ್ರಿ. ಮಾನಸನ ಮದುವಿಗೆ ಮುಂಚೆ ಬಿಟ್ಬಿಡಾನ, ಮಂದಿ ಮುಗಿಬೀಳ್ತಾರೆ."

"ನಾಲ್ಕು ವರ್ಷದ ಹಿಂದೆ ಶ್ರೀನಾಥ ನಿನಗೇನು ಹೇಳಿದ್ದ?"

ನವೀನ ಹೆಡ್‌ಫೋನ್ ತೆಗೆದ. ಅದರ ವೈರು ಸುತ್ತಿದ.

"ಆಗ ಸೀಸನ್ ಇತ್ತು ಅತ್ತಿಗೆ. ಒಂದಿನ ಸ್ಟುಡಿಯೋ ಮುಚ್ಚಾಕೂ ಪುರುಸೊತ್ತು ಇರಲಿಲ್ಲ. ಆಮ್ಯಾಲೆ ಮರೆತೇ ಹೋತು."

"ಒಂದಿನ."

"ತಪ್ಪಾತು ಬಿಡ್ರಿ. ನಾನೇನು ಹಾಡ್ಬ್ಯಾಡ್ರಿ ಅಂದಿದ್ನಾ? ನೀವೇ ಬಿಟ್ರಿ."

ಅಲ್ಲಿಯವರೆಗೆ ಕೂತು ಮಾತಾಡುವ ಅಂದುಕೊಂಡಿದ್ದ ರೋಜಾ ಎದ್ದು ನಿಂತಳು.

"ನಾನೇ ಬಿಟ್ಟೆ. ಹೌದು. ಮಜ್ಜಿಗೇನೂ ನಾನೇ ಬಿಟ್ಟೆ. ನೀನು ತಂದ ಜೇಷ್ಠಮಧು ಜಗಿದು ಜಗಿದು ನಾಲಿಗಿ ಮರಗಟ್ಟಿತ್ತು, ಅದೂ ನಾನೇ ಜಗಿದಿದ್ದು. ಕುಣಿಯಾಕೆ ಬರ್ದೋಳು ಅಂತ ಮಂದಿ ಮುಂದೆ ನಕ್ಕೆಲ್ಲೋ, ನೆಲ ಡೊಂಕೈತೆ ಅಂತ ನಿನಗೆ ಗೊತ್ತಾದ ಮ್ಯಾಲೂ ನನ್ನ ಮನಿಗೆ ಬಂದು ಉಣ್ಣಲಿಲ್ಲೇನು? ಉಂಡು, ಕೈ ತೊಳ್ಕೊಂಡು, ಪೊಟ್ಟಣ ಕೊಟ್ಟು ಹೋದೆ."

ನವೀನ ಸುತ್ತಿದ ವೈರನ್ನು ಮೇಜಿನ ಮೇಲಿಟ್ಟ. "ಶ್ರೀಲತಾ ಹಾಡಿದ್ದು ತೆಗೆದು ನಿಮ್ಮದು ಹಾಕ್ತೀನಿ" ಎಂದ.

"ಆ ಹುಡುಗಿ ಏನು ಮಾಡ್ಯಾಳೆ? ಆಕಿದು ಆಕಿಗಿರಲಿ. ನನ್ನದು ನಿನ್ನ ಡಬ್ಬಕ್ಕೆ ಬ್ಯಾಡ."

"ಹೋಗ್ಲಿ, ಅರಿಶಿಣದ ದಿನ ಮನಿಗೇ ಮೈಕು ತರ್ತೀನಿ. ಅಲ್ಲೇ ಹಾಡ್ರಿ."

"ಬಾ. ಉಂಡು ಹೋಗು. ಮೈಕು ತಂದ್ರೆ ಕುರಿ ರೊಪ್ಪಕ್ಕೆ ಎಸಿತೀನಿ."

ಮನೆಗೆ ಬಂದವಳೇ ಚೊಂಬಿನ ತುಂಬ ಹುಳಿ ಮಜ್ಜಿಗೆ ಬಗ್ಗಿಸಿಕೊಂಡು ನಿಂತಲ್ಲೇ ಕುಡಿದಳು. ಅತ್ತೆ ಹನುಮಮ್ಮ ನೋಡುತ್ತಿದ್ದಳು. ಹನುಮಮ್ಮನದು ಕತ್ತರಿ ನಾಲಿಗೆ, ಆದರೂ ಸೊಸೆಯ ಮುಖ ನೋಡಿ ಅವತ್ತು ಮಜ್ಜಿಗೆಯ ಗಡಿಗೆಯನ್ನೇ ಅವಳ ಮುಂದಿಟ್ಟಳು.

ರೋಜಾ ಮಗಳ ಹತ್ತಿರ ಹೋಗಿ, "ಅರಿಶಿಣಕ್ಕೆ ಸ್ಪೀಕರ್ ಬ್ಯಾಡ. ನಾನು ಹಾಡ್ತೀನಿ" ಎಂದಳು.

ಮಾನಸ ಸೀರೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದ ಮಾತನ್ನು ಮೆತ್ತಗೆ ಹೇಳುವವಳ ಹಾಗೆ ಹೇಳಿದಳು. "ಅವ್ವಾ, ಗಂಡಿನ ಕಡೆಯೋರು ಬಂದಿರ್ತಾರೆ. ನೀನು ಯಾಕೆ ಸುಮ್ನೆ ತ್ರಾಸ ತಗೋತಿ? ಸ್ಪೀಕರ್ ಐತಲ್ಲ."

ಶ್ರೀನಾಥನ ಗ್ರೂಪು ನಕ್ಕದ್ದಕ್ಕಿಂತ, ನವೀನ ಮುಚ್ಚಿಟ್ಟದ್ದಕ್ಕಿಂತ ಇದು ಹೆಚ್ಚು ಸುಟ್ಟಿತು. ಮಗಳ ತಪ್ಪಿರಲಿಲ್ಲ. ಹುಡುಗಿ ಅಮ್ಮನ ಮಾನ ಕಾಯುತ್ತಿದ್ದಳು. ನವೀನನ ಮೊಬೈಲಿನಲ್ಲಿ ಸಾಕ್ಷಿಯಿತ್ತು, ತರಿಸಿ ಕೇಳಿಸಿದ್ದರೆ ಆಗುತ್ತಿತ್ತು. ಹಾಗೆ ಮಾಡಲು ರೋಜಾಳಿಗೆ ಮನಸ್ಸು ಬರಲಿಲ್ಲ. ತಾನು ಹೆತ್ತ ಮಗಳ ಮುಂದೆ ತನ್ನ ಗಂಟಲಿನ ಪರವಾಗಿ ಒಂದು ಮೈಕು ಸಾಕ್ಷಿ ಹೇಳಬೇಕೇ? ನಾಲ್ಕು ವರ್ಷ ಅದು ಹೇಳಿದ ಸುಳ್ಳನ್ನು ಎಲ್ಲರೂ ನಂಬಿದರು. ಈಗ ಅದು ನಿಜ ಹೇಳಿತೆಂದು ನಂಬುವುದಾದರೆ ಆ ನಂಬಿಕೆಯೂ ಅವಳಿಗೆ ಬೇಕಿರಲಿಲ್ಲ.

"ಆತು" ಎಂದಷ್ಟೇ ಹೇಳಿ ಕುರಿಗಳಿಗೆ ನೀರು ಕುಡಿಸಲು ಹೋದಳು.

ಅರಿಶಿಣದ ದಿನ ಚಪ್ಪರದಡಿ ಮಾನಸಳನ್ನು ಮಣೆಯ ಮೇಲೆ ಕೂರಿಸಿದರು. ಅರಿಶಿಣ ಹಚ್ಚುವಾಗ ಮದುಮಗಳು ತುಟಿ ಬಿಚ್ಚಬಾರದೆಂದು ಹನುಮಮ್ಮ ಮೊದಲೇ ತಾಕೀತು ಮಾಡಿದ್ದಳು. ಕುಬಟೂರಿನವರು ಬಂದಿದ್ದರು, ಗಂಡಿನ ಕಡೆಯ ಹೆಂಗಸರು ಸಾಲಾಗಿ ಕೂತಿದ್ದರು. ನವೀನ ಬರಿಗೈಯಲ್ಲಿ ಬಂದು ಕಂಬಕ್ಕೊರಗಿ ನಿಂತಿದ್ದ. ಯಾರೋ ಸ್ಪೀಕರಿನ ಗುಂಡಿ ಒತ್ತಿದರು. ಕೆನ್ನೆಗೆ ಹಚ್ಚಿರೆ, ಅಂಗಾಲಿಗೆ ಹಚ್ಚಿರೆ ಎಂದು ಶ್ರೀಲತಾ ಎಲ್ಲರ ಕಿವಿಯಲ್ಲೂ ಗುಟ್ಟು ಹೇಳತೊಡಗಿದಳು.

ರೋಜಾ ಎದ್ದು ಹೋಗಿ ವೈರು ಕಿತ್ತಳು. ಬಂದು ಮಗಳ ಎದುರಿಗೆ ಕೂತು, ಬೆರಳಲ್ಲಿ ಅರಿಶಿಣ ತೆಗೆದುಕೊಂಡು, ಬಾಯಿ ಬಿಟ್ಟಳು.

ಮೊದಲ ಸೊಲ್ಲು ಒಡೆಯಿತು. ನಾಲ್ಕು ವರ್ಷ ಬೀಗ ಹಾಕಿದ ಬಾಗಿಲು ತೆಗೆದರೆ ಕಿರುಗುಟ್ಟದೇ ಇರುತ್ತದೆಯೇ? ಗಂಡಿನ ಕಡೆಯ ಒಬ್ಬಳು ಪಕ್ಕದವಳನ್ನು ನೋಡಿದಳು. ಮಾನಸ ತಲೆ ತಗ್ಗಿಸಿದಳು. ಆ ತಗ್ಗಿದ ತಲೆ ನೋಡಿದ್ದೇ ರೋಜಾಳಿಗೆ ಎಲ್ಲಿತ್ತೋ ಸಿಟ್ಟು, ಹೊಟ್ಟೆಯ ಬುಡದಿಂದ ಎದ್ದು ಬಂತು. ಎರಡನೆಯ ಸೊಲ್ಲು ಚಪ್ಪರ ದಾಟಿತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಮೈಕಿರಲಿಲ್ಲ, ಡಬ್ಬವಿರಲಿಲ್ಲ. ಹೆಸರಿನ ಜಾಗಕ್ಕೆ ಬಂದಳು, ಕಟ್ಟುಪಾಡಿನಂತೆ ನಿಲ್ಲಿಸಿದಳು.

"ಲೋಕಮ್ಮನ ಮಗಳಿಗೆ" ಎಂದು ಹೆಂಗಸರೆಲ್ಲ ಒಕ್ಕೊರಲಿನಿಂದ ಎತ್ತಿಕೊಂಡರು. ಸ್ಪೀಕರು ಕಲಿಸಿದ ಪಾಠ, ಬಾಯಿಗೆ ಅಷ್ಟು ರೂಢಿಯಾಗಿತ್ತು.

ರೋಜಾ ಕೈ ಎತ್ತಿ ತಡೆದಳು.

"ಯಾರ ಮಗಳು? ಲೋಕಮ್ಮ ನನ್ನ ಅಜ್ಜಿ, ಸತ್ತು ಮಣ್ಣಾಗ್ಯಾಳೆ. ಇವಳನ್ನ ಹೊತ್ತಾಕಿ, ಹೆತ್ತಾಕಿ ನಿಮ್ಮ ಮುಂದೆ ಕುಂತೀನಿ. ಹೆಸರು ಗೊತ್ತಿಲ್ದೆ ಉಣ್ಣಾಕೆ ಬಂದ್ರೇನು?"

ನವೀನ ನೆಲ ನೋಡುತ್ತಿದ್ದ. ರೋಜಾ ಮೊದಲಿನಿಂದ ಎತ್ತಿದಳು. ಈ ಸಲ ಒಡೆಯಲಿಲ್ಲ. ಬೈಗುಳದಷ್ಟು ಗಟ್ಟಿಯಾಗಿ, ನೇರವಾಗಿ ಏರಿತು, ಆ ಮೈಕು ಕಚ್ಚುತ್ತಿದ್ದ ಎತ್ತರಕ್ಕೆ ಹೋಗಿ ಅಲ್ಲೇ ನಿಂತು ಅರಳಿತು. ನವೀನ ಜೇಬಿನಿಂದ ಮೊಬೈಲು ತೆಗೆದು ಎತ್ತಿ ಹಿಡಿದ. ಹನುಮಮ್ಮ ಎದ್ದು ಹೋಗಿ ಅದನ್ನು ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು. ರೋಜಾ ಮತ್ತೆ ಹೆಸರಿನ ಜಾಗಕ್ಕೆ ಬಂದಳು, ನಿಲ್ಲಿಸಿದಳು. ಬೈಸಿಕೊಂಡ ಹೆಂಗಸರು ಒಬ್ಬರಿಗೊಬ್ಬರು ನೀನು ಹೇಳು, ನೀನು ಹೇಳು ಎಂದು ಕಣ್ಣಲ್ಲೇ ತಳ್ಳಾಡಿದರು.

ತುಟಿ ಬಿಚ್ಚಬಾರದ ಮಾನಸ ತಲೆ ಎತ್ತಿದಳು. ಅಮ್ಮನ ಮುಖವನ್ನೇ ನೋಡುತ್ತ ಹಾಡಿದಳು:

ರೋಜಾನ ಮಗಳಿಗೆ ಅರಿಶಿಣ ಹಚ್ಚಿರೆ.

ಅವಳ ದನಿಯೂ ಒರಟಾಗಿತ್ತು. ಯಾರಿಂದ ಬಂದ ಒರಟೆಂದು ಕೇಳುವ ಅಗತ್ಯ ಅಲ್ಲಿ ಯಾರಿಗೂ ಬೀಳಲಿಲ್ಲ. ಹೆಂಗಸರು ಎತ್ತಿಕೊಂಡರು. ರೋಜಾ ಮಗಳ ಕೆನ್ನೆಗೆ ಅರಿಶಿಣ ಬಳಿದಳು, ಸ್ವಲ್ಪ ಜೋರಾಗಿಯೇ ಬಳಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಸಿಕೊಳ್ಳಲು ಕಾಯದೆ ಮುಂದಿನ ಸೊಲ್ಲು ಎತ್ತಿದಳು.